ಖುಲೈದರ ಪ್ರವಚನಕ್ಕೆ ಬಂದ ಕಣ್ಣೀರು

ಕೇಳುಗರು ಅಳದಿದ್ದರೆ ಪ್ರವಚನ ನಡೆದೇ ಇಲ್ಲವೆಂದು ಪರಿಗಣಿಸತಕ್ಕದ್ದು ಎಂದು ವಾಸಿತ್ ಪಟ್ಟಣದ ಪೇಟೆ ಅಧಿಕಾರಿ ಇಬ್ನ್ ಜುಬಾರಾ ಅವರು ಆಜ್ಞೆ ಹೊರಡಿಸಿದರು. ತೂಕದ ಕಲ್ಲು, ಹಾಲಿಗೆ ಬೆರೆಸುವ ನೀರು, ಪ್ರವಚನಕಾರರು, ಎಲ್ಲವೂ ಅವರ ಇಲಾಖೆಗೇ ಸೇರಿದ್ದವು. ಕೆನ್ನೆಗಿಳಿದ ಕಣ್ಣೀರನ್ನು ಮಾತ್ರ ಮಾನ್ಯ ಮಾಡಲಾಗುವುದು; ಬರೀ ಮೂಗೆಳೆದರೆ ಸಾಲದು. ನ್ಯಾಯವಾದ ಆಜ್ಞೆ, ಯಾರೂ ತಕರಾರು ಮಾಡಲಿಲ್ಲ.

ತೊಂದರೆಯಾದದ್ದು ನಮ್ಮ ಮಸೀದಿಯ ಪ್ರವಚನಕಾರ ಖುಲೈದರಿಗೆ. ಅವರು ದೇವರ ಕರುಣೆಯ ಬಗ್ಗೆ ಹೇಳುತ್ತಿದ್ದರು, ಜನ ನಗುನಗುತ್ತಾ ಮನೆಗೆ ಹೋಗುತ್ತಿದ್ದರು. ಇದು ಸ್ಪಷ್ಟ ಅಪರಾಧ. ಬರುವ ಶುಕ್ರವಾರದ ತಪಾಸಣೆಯಲ್ಲಿ ಕಣ್ಣೀರು ಕಾಣದಿದ್ದರೆ ಅವರು ಕಂಬದ ಬಳಿಯ ಪ್ರವಚನದ ಕುರ್ಚಿ ಬಿಟ್ಟು ಏಳಬೇಕಿತ್ತು. ಆ ಕುರ್ಚಿ ಬಿಟ್ಟರೆ ಆ ಮನುಷ್ಯನಿಗೆ ಬೇರೆ ಬದುಕಿರಲಿಲ್ಲ.

"ನರಕದ ವಿಷ್ಯ ಹೇಳ್ರೀ," ಎಂದಳು ಖುಲೈದರ ಹೆಂಡತಿ ರುಮೈಸಾ.

"ಹೇಳಿ ನೋಡ್ದೆ ಕಣೇ. ಚಳಿಗಾಲದಲ್ಲೂ ಅಲ್ಲಿ ಬೆಚ್ಚಗಿರುತ್ತಾ ಅಂತ ಕೇಳಿದ್ರು."

"ಹಾಗಾದ್ರೆ ಝಬಾದ್ ಚಿಕ್ಕಮ್ಮನ್ನ ಕರೀರಿ."

ಸಾವಿನ ಮನೆಗಳಲ್ಲಿ ಅಳುವುದು ಝಬಾದಳ ಕಸುಬು. ಆಕೆ ಬಾಯಿ ತೆಗೆದರೆ ಸತ್ತವನ ದಾಯಾದಿಗಳೂ ಕಣ್ಣೊರೆಸಿಕೊಳ್ಳುತ್ತಿದ್ದರು. ಆದರೆ ಕಸುಬಿಗೊಂದು ಕಟ್ಟಳೆ ಇತ್ತು.

"ಸತ್ತೋರ ಹೆಸರಿಲ್ದೆ ನಾನು ಅಳಲ್ಲಪ್ಪ. ಯಾರು ಸತ್ತಿದ್ದು?"

"ಯಾರೂ ಸತ್ತಿಲ್ಲ ಚಿಕ್ಕಮ್ಮ."

"ಬದುಕಿರೋರ ಹೆಸರು ಎತ್ತಿದ್ರೆ ಅವ್ರ ಮನೆಯೋರು ನನ್ನ ಸುಮ್ನೆ ಬಿಡ್ತಾರಾ? ನಿಂದೇ ಹೇಳ್ಲಾ?"

"ಆಗ್ಲಿ," ಎಂದರು ಖುಲೈದ್.

ಶುಕ್ರವಾರ ಹೆಂಗಸರ ಪರದೆಯ ಹಿಂದಿನಿಂದ, "ಅಯ್ಯೋ ಖುಲೈದಾ, ಹೋಗ್ಬಿಟ್ಯಲ್ಲೋ!" ಎಂಬ ಕೂಗು ಎದ್ದಿತು. ಖುಲೈದ್ ಕುರ್ಚಿಯ ಮೇಲೆ ಕೂತೇ ಇದ್ದರು. ಅವರ ಮುಖ ನೋಡುತ್ತಲೇ ಜನ ಬಿಕ್ಕಿದರು, ನಾನೂ ಅತ್ತೆ. ತಪಾಸಣೆಗೆ ಬಂದಿದ್ದ ಇಬ್ನ್ ಜುಬಾರಾ ಅವರ ಗಡ್ಡವೂ ಒದ್ದೆಯಾಯಿತು. ಅವರು ಎದ್ದು ನಿಂತು, ಪ್ರವಚನ ತೃಪ್ತಿಕರವಾಗಿದೆ, ಮೃತರು ಇದೇ ಕುರ್ಚಿಯಲ್ಲಿ ಮುಂದುವರಿಯತಕ್ಕದ್ದು ಎಂದು ಘೋಷಿಸಿದರು.

"ಸಾಹೇಬ್ರೇ, ನಾನು ಬದುಕಿದ್ದೀನಿ," ಎಂದರು ಖುಲೈದ್.

"ಹಾಗಾದ್ರೆ ಇಷ್ಟೂ ಕಣ್ಣೀರು ಕಲಬೆರಕೆ ಆಗುತ್ತೆ. ಕುರ್ಚಿ ಬಿಡ್ತೀರಾ?"

ಖುಲೈದ್ ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಸರಿದು ಕೂತರು.

ಈಗ ಶುಕ್ರವಾರ ಬಂತೆಂದರೆ ನಮ್ಮ ಮಸೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪಕ್ಕದೂರಿನವರೂ ಬಂದು ಖುಲೈದರ ಎದುರು ಕೂತು, ಅವರಿಗಾಗಿ ಮನಸಾರೆ ಅತ್ತು, ಹಗುರಾಗಿ ಹೋಗುತ್ತಾರೆ. ಮೊನ್ನೆ ಅವರು ಹಳೆಯ ಅಭ್ಯಾಸದಂತೆ, "ದೇವರ ಕರುಣೆ ಎಷ್ಟು ದೊಡ್ಡದು ಅಂದ್ರೆ..." ಎಂದು ಶುರು ಮಾಡಿದರು. ಜನ ಗಾಬರಿಯಿಂದ ಅಳು ನಿಲ್ಲಿಸಿದರು.

ಪರದೆಯ ಹಿಂದಿನಿಂದ ರುಮೈಸಾ ಗದರಿದಳು: "ಸುಮ್ನಿರ್ರೀ! ಬದುಕಿದ್ದಾಗ ಯಾವತ್ತಾದ್ರೂ ಇಷ್ಟು ಜನ ಬಂದಿದ್ರಾ ನಿಮಗೆ?"