ಮಾವನವರ ಹೊಲದಲ್ಲಿ ಅರವತ್ತು ಸಿಪಾಯಿಗಳು

ಮಕ್ಕಳು ಗೊಂಬೆ ಹಿಡಿದರೆ ಅದು ಆಟ. ಮೀಸೆ ಬಂದವರು ಹಿಡಿದರೆ ಇತಿಹಾಸ. ಈ ಭೇದ ನನಗೆ ತಿಳಿದದ್ದು ಸುರಪುರದ ವಕೀಲರೊಬ್ಬರ ಪಡಸಾಲೆಯಲ್ಲಿ. ಅವರು ಮೇಜಿನ ಮೇಲೆ ಹೆಬ್ಬೆರಳುದ್ದದ ಸೀಸದ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, ಅಡಿಕೋಲಿನಿಂದ ಏನನ್ನೋ ಅಳೆಯುತ್ತಿದ್ದರು. ಮಾತಿಗೆ ಮಾತು ಬೇಕಲ್ಲ ಎಂದು ನಾನು "ಗೊಂಬಿ ಚಂದ ಅವರಿ" ಎಂದೆ. ರಾಘಪ್ಪ ವಕೀಲರು ನೆಟ್ಟಗೆ ನಿಂತು, ಕೋರ್ಟಿನಲ್ಲಿ ಸುಳ್ಳು ಸಾಕ್ಷಿಯನ್ನು ನೋಡುವಂತೆ ನನ್ನನ್ನು ನೋಡಿದರು. "ಗೊಂಬಿ ಅನಬ್ಯಾಡ ಮಲ್ಲಣ್ಣಾ. ಇದು ದಂಡು."

ದಂಡು ಬಂದದ್ದು ಸಿಕಂದರಾಬಾದಿನಿಂದ. ಅಲ್ಲಿನ ಛಾವಣಿಯಲ್ಲಿದ್ದ ಬಿಳಿ ಸಾಹೇಬನೊಬ್ಬ ತನ್ನ ದೇಶಕ್ಕೆ ಹೊರಡುವಾಗ ಇಂಥ ಸಿಪಾಯಿಗಳ ಒಂದು ಪೆಟ್ಟಿಗೆಯನ್ನು ಬಿಟ್ಟುಹೋದನಂತೆ. ಆಟದ ಕಾನೂನು ಬರೆದ ನಾಲ್ಕು ಹಾಳೆಯೂ ಅದರೊಳಗಿತ್ತು. ವಕೀಲರು ಅರ್ಧ ಸಿಪಾಯಿಗಳಿಗೆ ಕಂಪನಿ ಸರಕಾರದ ಬಣ್ಣ ಬಳಿದರು, ಉಳಿದರ್ಧಕ್ಕೆ ಮುಂಡಾಸು ಮೆತ್ತಿ ಸುರಪುರದ ಬೇಡರ ದಂಡು ಮಾಡಿದರು. ಇಷ್ಟು ಇಂಚು ನಡೆಯಬೇಕು, ಇಷ್ಟು ಇಂಚಿನಿಂದ ಗುಂಡು ಹಾರಿಸಬೇಕು, ಕವಡೆ ಎಸೆದು ಅಂಗಾತ ಬಿದ್ದಷ್ಟು ಜನ ಸತ್ತಂತೆ. ವಕೀಲರ ಮುತ್ತಜ್ಜಂದಿರು ಅದೇ ಊರಿನ ಗುಡ್ಡದಲ್ಲಿ ಕಂಪನಿಯ ಕೈಯಿಂದ ನಿಜವಾಗಿ ಗುಂಡು ತಿಂದಿದ್ದರು. ಮರಿಮಗನಾದ ಇವರು ಚಹಾ ಕುಡಿಯುತ್ತ, ಅವಲಕ್ಕಿ ಮುಕ್ಕುತ್ತ, ಕವಡೆ ಮಗುಚಿ ಬಿತ್ತು ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು. ಕಾದಾಡಲು ಎದುರಿಗೊಬ್ಬ ಬೇಕು, ಸೋಲಲು ಸಿದ್ಧನಿರಬೇಕು, ಸೋತ ಮೇಲೆ ಸಿಟ್ಟು ಮಾಡಬಾರದು. ಇಷ್ಟು ಯೋಗ್ಯತೆ ಇದ್ದವನು ಸುತ್ತಮುತ್ತ ನಾನೊಬ್ಬನೇ. ಶಹಾಪುರದ ತಹಸೀಲು ಕಚೇರಿಯ ಗುಮಾಸ್ತನಿಗೆ ಇದೆಲ್ಲ ನೌಕರಿಯಲ್ಲೇ ಅಭ್ಯಾಸವಾಗಿರುತ್ತದೆ. ನಿಜಾಮರ ಕಾಲದಲ್ಲಿ ಶುಕ್ರವಾರ ರಜೆ ಇತ್ತು, ಶುಕ್ರವಾರ ಸೋಲುತ್ತಿದ್ದೆ. ರಾಜ್ಯ ಹೋಗಿ ರಜೆ ಐತವಾರಕ್ಕೆ ಬಂದ ಮೇಲೆ ಐತವಾರ ಬಸ್ಸು ಹಿಡಿದು ಹೋಗಿ ಸೋಲತೊಡಗಿದೆ.

ಆಟಕ್ಕಿಂತ ಬಣ್ಣದ್ದು ದೊಡ್ಡ ಗೋಳು. ಸುರಪುರದ ಚಿತ್ರಗಾರರ ಮನೆಯಿಂದ ತಂದ ಅಳಿಲುಬಾಲದ ಕುಂಚದಲ್ಲಿ, ಉಸಿರು ಬಿಗಿಹಿಡಿದು, ಸಾಸಿವೆಗಿಂತ ಸಣ್ಣ ಗುಂಡಿಗಳನ್ನು ತಿದ್ದುವುದು. ಕಂಪನಿ ಸಿಪಾಯಿಯ ಅಂಗಿಗೆ ಗುಂಡಿ ಎಂಟೋ ಒಂಬತ್ತೋ ಎಂಬುದರ ಮೇಲೆ ವಕೀಲರು ಮೂರು ಐತವಾರ ವಾದಿಸಿದರು. ಎದುರುವಾದಿಯೂ ಅವರೇ. ಎದೆಯ ಮೇಲಿನ ಪಟ್ಟಿ ಹಾಲುಬಿಳುಪಲ್ಲ, ಸುಣ್ಣದ ಬಿಳುಪು ಎಂದು ಹನ್ನೆರಡು ಜನರನ್ನು ಕೆರೆದು ಮತ್ತೆ ಬಳಿಸಿದರು. ಅದೇ ತಿಂಗಳು ಕಕ್ಷಿದಾರನೊಬ್ಬನ ತಾರೀಖು ಮರೆತು ಮೊಕದ್ದಮೆ ಕಳೆದರು. ಆ ಬಡಪಾಯಿಯ ಅಂಗಿಗೆ ಗುಂಡಿಯೇ ಇರಲಿಲ್ಲ. ಅದನ್ನು ಅವರು ಗಮನಿಸಿರಲಿಕ್ಕಿಲ್ಲ. ನಾನು ಮನಸ್ಸಿನಲ್ಲೇ ಅವರನ್ನು ಹೀಯಾಳಿಸುತ್ತ, ಹೀಯಾಳಿಸುತ್ತಲೇ ಒಂದು ಕುಂಚ ಮನೆಗೆ ತಂದೆ. ಊರೆಲ್ಲ ನಕ್ಕರೂ ಬಿಡದ ಹುಚ್ಚು ಒಂದು ಬಗೆ. ನಾವೇ ನಗುತ್ತಾ ಹತ್ತಿಸಿಕೊಂಡದ್ದು ಇನ್ನೊಂದು ಬಗೆ, ಅದಕ್ಕೆ ಔಷಧವಿಲ್ಲ.

ನನ್ನ ಹೆಂಡತಿ ಶರಣಮ್ಮ ಸಗರದವಳು, ಒಕ್ಕಲು ಮನೆತನ, ಮಾತು ನೇರ. ನಾನು ದೀಪದ ಗಾಜಿನ ಹತ್ತಿರ ಮುಖ ಒಯ್ದು ಸಿಪಾಯಿಯೊಬ್ಬನ ಕಣ್ಣು ಬರೆಯುತ್ತಿದ್ದಾಗ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. "ಲಗ್ನಾಗಿ ಹನ್ನೊಂದ್ ವರ್ಷಾತು. ನನ್ನ ಮಾರಿ ಒಂದ್ ದಿನಾನೂ ಹಿಂಗ ನೋಡಿಲ್ಲ ನೀವು" ಎಂದಳು. ನಾನು ಎಡಗಣ್ಣು ಮುಗಿಸಿ ಬಲಗಣ್ಣಿಗೆ ಹೋದೆ. ಮಾತಾಡಿದರೆ ಕೈ ಅಲುಗಿ ಸಿಪಾಯಿಗೆ ಮೆಳ್ಳಗಣ್ಣಾಗುತ್ತಿತ್ತು.

ಹೀಗಿರುವಾಗ ಪ್ರಾಂತ್ಯಗಳೆಲ್ಲ ಕೂಡಿ ಒಂದೇ ರಾಜ್ಯವಾಗುವ ಕಾಲ ಬಂತು. ಈ ಕಡೆಯ ನಾವೆಲ್ಲ ಹೈದರಾಬಾದ್ ಬಿಟ್ಟು ಮೈಸೂರಿನವರ ಜೊತೆ ಸೇರಿದೆವು. ವಕೀಲರು ಭಾಷಣಗಳನ್ನು ಕೇಳಿ ಕೇಳಿ ಉಬ್ಬಿಹೋಗಿದ್ದರು. "ಇಡೀ ನಾಡು ಕೂಡಾಕತ್ತದ ಮಲ್ಲಣ್ಣಾ, ನಮ್ಮ ಸಿಪಾಯಿ ಬಿಡಿಬಿಡಿ ನಿಂತ್ರ ಹ್ಯಾಂಗ?" ಎಂದರು. ಅಲ್ಲಿಯವರೆಗೆ ಒಬ್ಬೊಬ್ಬ ಸಿಪಾಯಿ ಒಂದೊಂದು ದುಂಡು ಬಿಲ್ಲೆಯ ಮೇಲೆ ನಿಂತಿದ್ದ. ಅದಕ್ಕೆ ವಕೀಲರು ಪಾಯ ಎನ್ನುತ್ತಿದ್ದರು. ಇನ್ನು ಮೇಲೆ ನಾಲ್ವರಿಗೆ ಸೇರಿ ಒಂದೇ ಚೌಕ ಪಾಯ. ಎಲ್ಲರನ್ನೂ ಕಿತ್ತು ಹೊಸದಾಗಿ ಅಂಟಿಸಬೇಕು. ರಾಜ್ಯ ಕಟ್ಟುವವರಿಗೆ ಆಯೋಗ, ಸಮಿತಿ, ಸಾವಿರ ಜನ. ಇಲ್ಲಿ ನಾನೊಬ್ಬ. ಅರವತ್ತು ಸಿಪಾಯಿಗಳನ್ನೂ ಕುದುರೆಯ ಮೇಲಿನ ಒಬ್ಬ ಸರದಾರನನ್ನೂ ಬುಟ್ಟಿಯಲ್ಲಿ ಹುಲ್ಲು ಹಾಸಿ ತುಂಬಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಶಹಾಪುರಕ್ಕೆ ತಂದೆ. ಪಕ್ಕದಲ್ಲಿದ್ದ ಗೋಗಿ ಊರಿನ ಮುದುಕಿ "ತತ್ತೀನೇನಪಾ?" ಎಂದಳು. ಹೌದೆಂದೆ. ನಿಜ ಹೇಳುವುದಕ್ಕೆ ನಾಚಿಕೆಯಾಯಿತು.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ನಾನು ಒಂದನೇ ಇಯತ್ತೆಯಿಂದ ಕಲಿತದ್ದು ಉರ್ದುವಿನಲ್ಲಿ. ನಮ್ಮ ಕಡೆ ನೌಕರಿಗೆ ಹೋದವರೆಲ್ಲ ಹಾಗೇ ಕಲಿತವರು. ಅರ್ಜಿ ಉರ್ದು, ಹುಕುಂ ಉರ್ದು, ಬೈಸಿಕೊಳ್ಳುವುದೂ ಉರ್ದು. ಆದರೆ ಮೈಸೂರು ಕಡೆಯಿಂದ ಹೊಸ ತಹಸೀಲ್ದಾರ್ ಸಾಹೇಬರು ಬಂದು ಮೊದಲ ದಿನವೇ "ಉರ್ದು ಓದಕ್ಕೆ ಯಾರಿಗೆ ಬರುತ್ತೆ?" ಎಂದು ಕೇಳಿದಾಗ ಕಚೇರಿಯಲ್ಲಿ ಒಂದು ಕೈಯೂ ಏಳಲಿಲ್ಲ. ಹಿಂದಿನ ಕೋಣೆಯಲ್ಲಿ ಮಾಡಿನವರೆಗೆ ಪೇರಿಸಿದ ಹಳೆಯ ಉರ್ದು ಕಾಗದಪತ್ರದ ಬಸ್ತಾಗಳಿದ್ದವು. ಬರುತ್ತದೆ ಎಂದವನು ಆ ಧೂಳಿನಲ್ಲಿ ಕೂತು ಕನ್ನಡಕ್ಕೆ ಇಳಿಸುತ್ತ ಮುದುಕನಾಗಬೇಕು. ಹತ್ತು ವರ್ಷದ ಹಿಂದೆ ಉರ್ದು ಬಿಟ್ಟು ಬೇರೆ ಮಾತಾಡಿದರೆ ಮಾನ ಹೋಗುತ್ತದೆ ಎನ್ನುತ್ತಿದ್ದವರೆಲ್ಲ ಹುಟ್ಟಾ ನಿರಕ್ಷರಿಗಳ ಹಾಗೆ ಸೂರು ನೋಡಿದರು. ಎಂಥ ಹೇಡಿಗಳು ಎಂದು ನನಗೆ ಅಸಹ್ಯವಾಯಿತು. ಸಾಹೇಬರು ನನ್ನ ಕಡೆ ತಿರುಗಿದಾಗ, ಉರ್ದುವಿನ ಮೊದಲಕ್ಷರವೂ ಬಾರದವನಂತೆ, "ಅಲೀಫ್ ಸೈತ ಗೊತ್ತಿಲ್ರಿ" ಎಂದೆ. ಮಾತಿಗೆ ಬೆಲೆ ಬರಲೆಂದು ಅದೇ ವಾರ ಆ ಕುದುರೆ ಸರದಾರನಿಗೆ ಹೊಸ ಪಾಯ ಅಂಟಿಸಿ, ವಕೀಲರಿಗೆ ಹೇಳದೆ, ಸಾಹೇಬರ ಮೇಜಿಗೆ ಕಾಗದದ ಮೇಲಿಡುವ ಭಾರವಾಗಿ ಕಾಣಿಕೆ ಕೊಟ್ಟೆ. ಬರುವುದಿಲ್ಲ ಎಂದ ಮೇಲೆ ಬರದಂತೆ ಇರಬೇಕಲ್ಲ. ಉರ್ದು ಕಂಡರೆ ಕಣ್ಣು ಹೊರಳಿಸುವ ಅಭ್ಯಾಸವನ್ನೂ ಮಾಡಿಕೊಂಡೆ.

ಆ ಪಾಯಗಳನ್ನು ಮಾಡಿದ್ದು ಹೀಗೆ. ಗಟ್ಟಿ ರಟ್ಟು ಬೇಕು. ಅಂಗಡಿಯ ರಟ್ಟು ವಕೀಲರಿಗೆ ಆಗದು, ಬಿಸಿಲಿಗೆ ಸೊಟ್ಟಗಾಗುತ್ತದಂತೆ. ಶರಣಮ್ಮ ಸೀರೆಗೆ ಹಾಕಲು ಕಾಸಿದ್ದ ಜೋಳದ ಗಂಜಿ ಕದ್ದು, ಟ್ರಂಕಿನಲ್ಲಿದ್ದ ನನ್ನ ಹಳೆಯ ಶಾಲೆಯ ಉರ್ದು ವಹಿಗಳ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿದೆ. ಎಲ್ಲದರ ಕೆಳಗೆ, ನೆಲಕ್ಕೆ ತಾಗುವ ಕಡೆ, ಒಂದು ದಪ್ಪನೆಯ ಹಾಳೆ ಬೇಕಿತ್ತು. ಟ್ರಂಕಿನ ತಳದಲ್ಲಿ ದಾರ ಕಟ್ಟಿದ ಒಂದು ಸುರುಳಿ ಸಿಕ್ಕಿತು. ಬಿಚ್ಚಿದೆ, ಉರ್ದು ಕಂಡಿತು, ಕಣ್ಣು ಹೊರಳಿಸಿದೆ. ಹೋದ ರಾಜ್ಯದ ಕಾಗದ, ಸಿಪಾಯಿಗಳ ಕಾಲಿಗಾದರೂ ಬಂತಲ್ಲ ಎಂದುಕೊಂಡು ಅಂಟಿಸಿ, ಕಲ್ಲು ಹೇರಿ ಎರಡು ದಿನ ಒಣಗಿಸಿ, ಅಡಿಕೋಲಿಟ್ಟು ಹದಿನಾರು ಚೌಕ ಕತ್ತರಿಸಿದೆ. ಹದಿನೈದರ ಮೇಲೆ ನಾಲ್ಕು ನಾಲ್ಕು ಸಿಪಾಯಿ, ಒಂದರ ಮೇಲೆ ಸರದಾರ. ಮೇಲೆ ಕರಿ ಮಣ್ಣು ಉದುರಿಸಿ, ಒಣ ಹುಲ್ಲು ಮೆತ್ತಿ ನೋಡಿದರೆ ನಮ್ಮ ಕಡೆಯ ಎರೆ ಹೊಲವೇ. ಆಗ ಹಾಗೆಂದು ಹೆಮ್ಮೆಪಟ್ಟುಕೊಂಡದ್ದು ಈಗಲೂ ನೆನಪಾಗಿ ಮೈ ಉರಿಯುತ್ತದೆ.

ಎಂಟು ದಿನಕ್ಕೆ ಸಗರದಿಂದ ಮಾವನವರು ಬಂದರು. ಕಂಬಳಿ ಕೊಡವಿ ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಸಾವಧಾನವಾಗಿ ಹೇಳಿದರು: "ಅಳಿಯಾರ, ಹೊಸಾ ಪಹಣ್ಯಾಗ ಹೆಸರು ಹತ್ತಸಾಕತ್ತಾರ. ಬಾಜೂ ಹೊಲದವ ನಮ್ಮ ಬೇವಿನ ಗಿಡದ ತನಕ ತನ್ನ ಹೊಲಾನೇ ಅಂತಾನ. ಖರೀದಿ ಕಾಗದ ತೋರಸ್ರಿ ಅಂದಾರ. ಹೋದ ವರ್ಷ ನಿಮ್ಮ ಕೈಯಾಗ ಕೊಟ್ಟಿದ್ನಲ್ಲಾ, ದಾರ ಕಟ್ಟಿ?"

ದಾರ ಎಂದ ಕೂಡಲೇ ಟ್ರಂಕಿನ ತಳದ ಆ ಸುರುಳಿ ನೆನಪಾಯಿತು. ಆ ಹೊಲ ಬಿಟ್ಟರೆ ಆ ಮನೆಗೆ ಬೇರೆ ಹೊಲವಿಲ್ಲ. ಅಳಿಯ ಕಚೇರಿಯಲ್ಲಿದ್ದಾನೆ, ಓದಿದವನು, ಅವನ ಹತ್ತಿರ ಇದ್ದರೆ ಇಲಿ ಮುಟ್ಟುವುದಿಲ್ಲ ಎಂದು ಅವರು ಅದನ್ನು ನನಗೆ ಕೊಟ್ಟಿದ್ದರು. ಇಲಿ ಮುಟ್ಟಿರಲಿಲ್ಲ, ನಿಜ. ಶರಣಮ್ಮ ಟ್ರಂಕು ತೆಗೆದಳು, ಮುಚ್ಚಿದಳು, ನನ್ನ ಮುಖ ನೋಡಿದಳು, ಆಮೇಲೆ ಗೋಡೆಯ ಮಾಡದಲ್ಲಿ ಸಾಲಾಗಿ ನಿಂತಿದ್ದ ದಂಡನ್ನು ನೋಡಿದಳು. ಹೋಗಿ ಒಂದು ಪಾಯವನ್ನು ತಲೆಕೆಳಗು ಮಾಡಿ ಹಿಡಿದಳು. ನಾಲ್ವರು ಸಿಪಾಯಿಗಳು ತೂಗುಬಿದ್ದರು. ಬುಡದಲ್ಲಿ ಉರ್ದು ಬರಹ, ಅರ್ಧ ಮೊಹರು.

"ಯಪ್ಪಾ, ನಿನ್ನ ಹೊಲದಾಗ ದಂಡು ಇಳದದ ನೋಡು" ಎಂದಳು.

ಮಾವನವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಸಿಪಾಯಿಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಇವು ಯಾರ ಹುಡುಗರವು?" ಎಂದು ಕೇಳಿದರು. ಸುರಪುರದ ವಕೀಲರವು ಎಂದೆ. "ಓದಿದ ವಕೀಲರಾ?" ಎಂದರು. ಹೌದೆಂದೆ. ಅವರು ಹೆಗಲ ಮೇಲಿನ ಕಂಬಳಿ ಸರಿಪಡಿಸಿಕೊಂಡರು. ವಿದ್ಯೆಯ ಮೇಲೆ ಅವರಿಗಿದ್ದ ಗೌರವ ಆ ಕ್ಷಣ ಹೋಯಿತು ಎಂದು ನನ್ನ ಅನುಮಾನ.

ಶರಣಮ್ಮ ಈಳಿಗೆ ತಂದು ಕೂತು, ತಿಂಗಳುಗಟ್ಟಲೆ ಕಣ್ಣು ಬರೆಸಿಕೊಂಡ ಅರವತ್ತು ಜನರನ್ನೂ ಜೋಳದ ಕಣಿಕೆ ಸವರಿದಂತೆ ಸವರಿ ಹಾಕಿದಳು. ಕಂಪನಿಯವರು, ಬೇಡರು ಎಂಬ ಭೇದ ಮಾಡಲಿಲ್ಲ. ಪಾಯಗಳನ್ನು ಮಗುಚಿ ರೊಟ್ಟಿ ಬಡಿಯುವ ಕೊಣಮಿಗೆಯಲ್ಲಿ ಹರಡಿದೆವು. ಜೋಡಿಸಬೇಕಾದರೆ ಓದಬೇಕು. ನಾನು ಓದತೊಡಗಿದೆ. ಪೂರ್ವಕ್ಕೆ ಹಳ್ಳ, ದಕ್ಷಿಣಕ್ಕೆ ಬೇವಿನ ಗಿಡ... ಎಷ್ಟು ಸರಾಗವಾಗಿ ಬಂತೆಂದರೆ ನನಗೇ ಕಣ್ಣು ಒದ್ದೆಯಾಯಿತು. ಚಿಕ್ಕಂದಿನ ಮಾತು, ಪಾಪ, ನಾನು ಅಷ್ಟು ಹೀನವಾಗಿ ಕಂಡರೂ ಬಾಗಿಲಲ್ಲೇ ಕಾದಿತ್ತು. ಹದಿನೈದು ತುಂಡು ಕೂಡಿದವು. ಹದಿನಾರನೆಯದು, ಮೇಲಿನ ಮೂಲೆ, ದಸ್ತಾವೇಜಿನ ನಂಬರು ಇರುವ ಮೂಲೆ, ಇರಲಿಲ್ಲ. ಚಿಂದಿಯಾದ ಕಾಗದವನ್ನು ಯಾರೂ ಒಪ್ಪುವುದಿಲ್ಲ. ನಂಬರೊಂದಿದ್ದರೆ ಕಚೇರಿಯ ಬಸ್ತಾದಲ್ಲಿ ಅದರ ನಕಲು ಹುಡುಕಬಹುದು. ಆ ಮೂಲೆ ಸರದಾರನ ಕುದುರೆಯ ಕೆಳಗೆ, ಸಾಹೇಬರ ಮೇಜಿನ ಮೇಲಿತ್ತು.

ಮರುದಿನ ಮಾವನವರನ್ನು ಹಿಂದಿಟ್ಟುಕೊಂಡು ಸಾಹೇಬರ ಕೋಣೆಗೆ ಹೋದೆ. "ಕಾಗದ ತಂದಿದ್ದೀರಾ?" ಎಂದರು ಸಾಹೇಬರು. ನಾನು ಸರದಾರನನ್ನು ನೋಡಿದೆ. ಸರದಾರ ಕತ್ತಿ ಎತ್ತಿ ನನ್ನನ್ನೇ ನೋಡುತ್ತಿದ್ದ, ಕಣ್ಣು ಬರೆದವನು ನಾನೇ. "ಅದರ ನಂಬರು ನಿಮ್ಮ ಟೇಬಲ್ ಮ್ಯಾಲೇ ಅದರಿ" ಎಂದೆ. ಸಾಹೇಬರಿಗೆ ಅರ್ಥವಾಗಲಿಲ್ಲ. ನಾನು ಕೈ ಮುಗಿದು, ಕುದುರೆ ಎತ್ತಿ, ಬುಡ ತೋರಿಸಿ, ಎಲ್ಲ ಹೇಳಿದೆ. ಅವರು ಬುಡವನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಸರಿ, ನಂಬರ್ ಎಷ್ಟು ಅಂತ ಬರೆದಿದೆ?" ಎಂದರು. ಕೋಣೆಯಲ್ಲಿ ಇದ್ದವರು ಮೂವರು. ಒಬ್ಬರಿಗೆ ಉರ್ದು ಬಾರದು, ಒಬ್ಬರಿಗೆ ಅಕ್ಷರವೇ ಬಾರದು. ನಾನು ಬುಡವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮಾವನವರು ಹಿಂದಿನಿಂದ ಸಣ್ಣಗೆ, "ಓದ್ರಿ ಅಳಿಯಾರ. ನಿನ್ನಿ ಎಷ್ಟ್ ಚಂದ ಓದಿದ್ರಿ" ಎಂದರು.

ಓದಿದೆ. ನಂಬರು, ತಾರೀಖು, ಅದರ ಕೆಳಗಿನ ಸಹಿಯನ್ನೂ ಓದಿದೆ. "ಅಲೀಫ್ ಕೂಡ ಗೊತ್ತಿಲ್ಲ ಅಂದಿದ್ರಿ?" ಎಂದರು ಸಾಹೇಬರು, ತಣ್ಣಗೆ. ಆಮೇಲೆ ಕುದುರೆಯನ್ನು ನನಗೇ ಹಿಂದಿರುಗಿಸಿ, ಕೀಲಿ ತರಿಸಿ ಹಿಂದಿನ ಕೋಣೆಯನ್ನು ತೋರಿಸಿದರು. ಮೂರು ದಿನ ಹುಡುಕಿ ನಕಲು ತೆಗೆದೆ. ಮಾವನವರ ಹೆಸರು ಪಹಣಿಗೆ ಹತ್ತಿತು, ಬೇವಿನ ಗಿಡ ಅವರ ಕಡೆಗೇ ಉಳಿಯಿತು. ಆದರೆ ನಾನು ಆ ಕೋಣೆಯಿಂದ ಹೊರಗೆ ಬರಲಿಲ್ಲ. ಬಸ್ತಾಗಳನ್ನೆಲ್ಲ ಕನ್ನಡಕ್ಕೆ ಇಳಿಸಲು ಅಂದೇ ಹುಕುಂ ಆಯಿತು. ಈಗ ಎರಡನೆಯ ವರ್ಷ. ಸೂರು ನೋಡುತ್ತಿದ್ದ ಗೆಳೆಯರು ಬಾಗಿಲಲ್ಲಿ ಇಣುಕಿ, ಧೂಳಿಗೆ ಮೂಗು ಮುಚ್ಚಿಕೊಂಡು, ಚಹಾಕ್ಕೆ ಬರುತ್ತೀರಾ ಎಂದು ಕೇಳಿ ಹೋಗುತ್ತಾರೆ.

ವಕೀಲರಿಗೆ ಸುದ್ದಿ ಮುಟ್ಟಿದಾಗ ಅವರು ಹೊಲದ ಬಗ್ಗೆ ಕೇಳಲಿಲ್ಲ. "ಈಳಿಗಿಲೆ ಸವರ್ಯಾಳಾ? ಗುಂಡಿ ಕೆತ್ತಿಲ್ಲ ಹೌದಿಲ್ಲೋ?" ಎಂದರು. ಮತ್ತೆ ಪಾಯ ಕಟ್ಟುವ ಕೆಲಸವನ್ನು ನನಗೇ ವಹಿಸಿದರು. ನಾನು ಮತ್ತೆ ಒಪ್ಪಿಕೊಂಡೆ. ಏಕೆಂದು ಕೇಳಬೇಡಿ. ಶರಣಮ್ಮ ಮಾತ್ರ ಮನೆಗೆ ಯಾವ ಕಾಗದ ಬಂದರೂ, ಅದು ನನ್ನ ಬಡ್ತಿಯ ವಿಚಾರವೇ ಇರಲಿ, ಲಗ್ನಪತ್ರಿಕೆಯೇ ಇರಲಿ, ಎರಡು ಬೆರಳಲ್ಲಿ ಹಿಡಿದು ಕೇಳುತ್ತಾಳೆ: "ಇದು ಬೇಕೇನ್ರಿ, ಇಲ್ಲಾ ಸಿಪಾಯಿ ಕಾಲಿಗೇನು?"

ಇಷ್ಟನ್ನೂ ಬರೆದು ಮುಗಿಸಿ, ನನ್ನನ್ನು ನಾನೇ ಇಷ್ಟು ಬೈದುಕೊಂಡಿದ್ದಕ್ಕಾದರೂ ಮೆಚ್ಚಿಯಾಳೆಂದು ಹಾಳೆಗಳನ್ನು ಅವಳ ಕೈಗೆ ಕೊಟ್ಟೆ. ಅವಳು ಓದಲಿಲ್ಲ. ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿ, "ದಪ್ಪ ಅದ. ಕುದುರಿ ಕಾಲಿಗೆ ಆಗ್ತದ" ಎಂದು ಮಾಡದಲ್ಲಿಟ್ಟಳು.