ಐದು ಸಾವಿರ ಸೋದರತ್ತೆಯರು

ಎಲ್ಲಕ್ಕೂ ಕಾರಣ ಒಂದು ಮೋಡ. ಕಳೆದ ವರ್ಷ ವಿಶ್ವವಿದ್ಯಾಲಯದ ಅರ್ಜಿ ಫಾರಂ ಸಿದ್ಧಪಡಿಸುವ ಕೆಲಸ ಪ್ರವೇಶ ವಿಭಾಗದ ಅಂಕಿಅಂಶ ಗುಮಾಸ್ತನ ಪಾಲಿಗೆ ಬಂದಿತ್ತು. 'ನಮ್ಮಲ್ಲಿ ಸೇರಲು ನಿಮಗೆ ಸಲಹೆ ಕೊಟ್ಟವರು ಯಾರು?' ಎಂಬ ಪ್ರಶ್ನೆಯ ಕೆಳಗೆ ಉತ್ತರಗಳ ಪಟ್ಟಿ ಕೊಡಬೇಕಿತ್ತು. ಊಟ ಆಗಷ್ಟೇ ಮುಗಿದಿತ್ತು. ಕಿಟಕಿಯಾಚೆ ಬಿಳಿ ಮೋಡವೊಂದು ಥೇಟ್ ಅವನ ಸೋದರತ್ತೆಯ ಹಾಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿತ್ತು. ಸುಮ್ಮನೆ ಪರೀಕ್ಷೆಗಿರಲಿ ಎಂದು ಅವನು ಮೊದಲ ಸಾಲಿನಲ್ಲಿ 'ಸೋದರತ್ತೆ' ಎಂದು ಬೆರಳಚ್ಚಿಸಿದ. ಅದರ ಕೆಳಗೆ ಶಿಕ್ಷಕರು, ಸ್ನೇಹಿತರು, ಪತ್ರಿಕೆ, ರಸ್ತೆಬದಿಯ ಫಲಕ ಎಂದೆಲ್ಲ ಸೇರಿಸಿದ. ಮೊದಲಿನದನ್ನು ಅಳಿಸಬೇಕು ಎಂದುಕೊಳ್ಳುವಷ್ಟರಲ್ಲಿ ಮೋಡ ನಿಧಾನವಾಗಿ ದೋಣಿಯಾಯಿತು. ಅವನು ಅದನ್ನು ಹತ್ತಿ ಹೊರಟುಬಿಟ್ಟ.

ಇಂಥ ಪ್ರಯಾಣಗಳ ದೆಸೆಯಿಂದಲೇ ಕಚೇರಿಯಲ್ಲಿ ಅವನಿಗೆ ಮೋಡಪ್ಪ ಎಂಬ ಹೆಸರು ಬಿದ್ದಿತ್ತು. ಅವನ ನಿಜವಾದ ಹೆಸರು ಸಂಬಳದ ಪಟ್ಟಿಯವರಿಗೆ ಮಾತ್ರ ಗೊತ್ತು. ಅಲ್ಲಿಯೂ ಅದರ ಮುಂದೆ 'ಹಂಗಾಮಿ' ಎಂದು ಬರೆದು ಆರು ವರ್ಷ ಕಳೆದಿತ್ತು. ಈ ವರ್ಷ ವಿಭಾಗಕ್ಕೆ ಒಂದೇ ಒಂದು ಖಾಯಂ ಹುದ್ದೆ ಮಂಜೂರಾಗಿ, ಕಡತ ಕುಲಪತಿಗಳ ಮೇಜಿನ ಮೇಲೆ ಕೂತಿತ್ತು. ಇವತ್ತು ನಾಲ್ಕು ಗಂಟೆಯ ಸಭೆಯಲ್ಲಿ ಮೋಡಪ್ಪ ಬಂದ ಅರ್ಜಿಗಳನ್ನೆಲ್ಲ ಜಾಲಾಡಿ, ಮುಂದಿನ ವರ್ಷ ವಿದ್ಯಾರ್ಥಿಗಳನ್ನು ಎಲ್ಲಿಂದ, ಹೇಗೆ ಕರೆತರಬೇಕು ಎಂಬ ಯೋಜನೆಯನ್ನು ಮುಂದಿಡಬೇಕು. ಯೋಜನೆ ಒಪ್ಪಿಗೆಯಾದರೆ ಹುದ್ದೆ ಅವನದು.

"ಇವತ್ತೊಂದಿನ ಭೂಮಿ ಮೇಲಿರು ಮಾರಾಯ," ಎಂದು ಬೆಳಗ್ಗೆ ಊಟದ ಡಬ್ಬಿ ಕೈಗಿಡುತ್ತಾ ಸೋದರತ್ತೆ ಹೇಳಿ ಕಳಿಸಿದ್ದಳು. ಅವನು ಇದ್ದದ್ದೇ ಆಕೆಯ ಮನೆಯಲ್ಲಿ.

ಹನ್ನೊಂದು ಗಂಟೆಗೆ ಮೋಡಪ್ಪ ಕೊನೆಯ ಪ್ರಶ್ನೆಯ ಮೊತ್ತ ತೆಗೆದ. ಒಂಬತ್ತು ಸಾವಿರಕ್ಕೆ ತುಸು ಕಡಿಮೆ ಅರ್ಜಿಗಳು. ಸ್ನೇಹಿತರ ಸಲಹೆ ಕೇಳಿದವರು ಎರಡು ಸಾವಿರ. ಶಿಕ್ಷಕರದು ಒಂದು ಸಾವಿರ. ಪತ್ರಿಕೆ ನೋಡಿ ಬಂದವರು ನಲವತ್ತಮೂರು. ರಸ್ತೆಬದಿಯ ಫಲಕ ನೋಡಿದವರು ಒಂಬತ್ತು. ಸೋದರತ್ತೆಯರ ಮಾತು ಕೇಳಿ ಬಂದವರು ಐದು ಸಾವಿರದ ಏಳುನೂರ ಹದಿನೇಳು.

ಮೋಡದ ದೋಣಿ ಹತ್ತಿ ಹೋದವನಿಗೆ ವಾಪಸ್ಸು ಬಂದು ಆ ಸಾಲನ್ನು ಅಳಿಸಿದ್ದು ನೆನಪೇ ಆಗಲಿಲ್ಲ. ಪಟ್ಟಿಯ ಮೊದಲ ಉತ್ತರ, ಯಾರೂ ಮುಟ್ಟದಿದ್ದರೆ ತಾನಾಗಿಯೇ ಅಲ್ಲಿ ಕೂತಿರುತ್ತದೆ. ಮಕ್ಕಳು ಆ ಪ್ರಶ್ನೆಯನ್ನು ಓದುವ ಗೋಜಿಗೇ ಹೋಗದೆ ಮುಂದೆ ಸಾಗಿದ್ದಾರೆ. ಐದು ಸಾವಿರ ಅತ್ತೆಯರೂ ಹುಟ್ಟಿದ್ದು ಮಕ್ಕಳ ಸೋಮಾರಿತನ ಮತ್ತು ಮೋಡಪ್ಪನ ಮರೆವು ಸೇರಿ.

ಒಪ್ಪಿಕೊಂಡುಬಿಡೋಣ ಎಂದು ಎದ್ದು ತಿರುಗಿದರೆ ಬೆನ್ನ ಹಿಂದೆಯೇ ಮೇಲ್ವಿಚಾರಕಿ ನಿಂತು ಪರದೆ ಓದುತ್ತಿದ್ದರು.

"ಮೇಡಂ, ಇದು..."

"ನನಗೆ ಗೊತ್ತಿತ್ತು!" ಮೇಲ್ವಿಚಾರಕಿಯ ಕಣ್ಣು ತುಂಬಿ ಬಂತು. "ನನ್ನ ಅಣ್ಣಂದಿರ ಮಕ್ಕಳು ಏಳು ಜನ. ಒಂದೊಂದಕ್ಕೂ ಕೂರಿಸಿಕೊಂಡು ಬುದ್ಧಿ ಹೇಳಿದವಳು ನಾನು. ಒಬ್ಬರಾದ್ರೂ ಥ್ಯಾಂಕ್ಸ್ ಅಂದಿದ್ದಾರಾ? ಕೊನೆಗೂ ಒಂದು ಫಾರಂ ನಮ್ಮನ್ನ ಕೇಳಿತಲ್ಲಪ್ಪಾ!"

"ಮೇಡಂ, ಅದು ನಿಜವಲ್ಲದೇ ಇರಬಹುದು."

"ಅಂಕಿ ಸುಳ್ಳು ಹೇಳುತ್ತೇನ್ರೀ?" ಎಂದು ಕಣ್ಣೊರೆಸಿಕೊಂಡು ಅವರು ಸೀದಾ ಪ್ರಚಾರಾಧಿಕಾರಿಯ ಕೋಣೆಗೆ ನುಗ್ಗಿದರು.

ರಸ್ತೆಬದಿಯ ಫಲಕಗಳನ್ನು ಹಾಕಿಸಿದ್ದು ಈ ಪ್ರಚಾರಾಧಿಕಾರಿಯೇ. ಒಂಬತ್ತು ಎಂಬ ಅಂಕಿ ಕಂಡು ಅವನ ಮುಖ ಒಂದು ಗಳಿಗೆ ಬಾಡಿತು. ಆದರೆ ಆತ ಬಿದ್ದರೂ ಗಾಳಿ ಎತ್ತ ಬೀಸುತ್ತಿದೆ ನೋಡಿಕೊಂಡೇ ಏಳುವ ಆಸಾಮಿ. "ಫಲಕಗಳೆಲ್ಲ ರದ್ದು. ಶಾಲೆಗಳಿಗೆ ಹೋಗುವ ನಮ್ಮ ಬಸ್ಸೂ ರದ್ದು," ಎಂದ. "ಸೋದರತ್ತೆಯರ ಮಹಾ ಸಮಾವೇಶ ಮಾಡೋಣ. ಐದು ಸಾವಿರ ಕುರ್ಚಿ ಹಾಕಿಸ್ತೀನಿ."

"ಬಸ್ಸು ಯಾಕೆ ಸಾರ್ ರದ್ದು?" ಮೋಡಪ್ಪ ಕೇಳಿದ.

"ಅತ್ತೆಯರೇ ಕರ್ಕೊಂಡು ಬರೋವಾಗ ಬಸ್ಸಿಗೇನು ಕೆಲಸ?"

ವರ್ಷಕ್ಕೊಮ್ಮೆ ಆ ಬಸ್ಸು ದೂರದ ಶಾಲೆಗಳಿಗೆ ಹೋಗುತ್ತಿತ್ತು. ಮೋಡಪ್ಪನೂ ಎರಡು ಬಾರಿ ಹೋಗಿದ್ದ. ಮುಂದೆ ಏನು ಓದಬಹುದು ಎಂದು ಹೇಳುವವರು ಯಾರೂ ಇಲ್ಲದ ಮಕ್ಕಳು ಬಸ್ಸಿನ ಬಾಗಿಲಿಗೆ ಮುತ್ತಿಕೊಂಡದ್ದು ಅವನಿಗೆ ನೆನಪಿತ್ತು. ತನ್ನ ಒಂದು ಮರೆವಿನಿಂದ ಆ ಬಸ್ಸು ನಿಲ್ಲುವುದು ಅವನಿಗೆ ತಡೆಯಲಾರದ ಸಂಕಟವಾಯಿತು. ಬಾಯಿಬಿಟ್ಟರೆ ಹುದ್ದೆ ಹೋಗುತ್ತದೆ, ಬಿಡದಿದ್ದರೆ ಬಸ್ಸು ಹೋಗುತ್ತದೆ.

ಆ ಸಾಲು ನಿಜಕ್ಕೂ ಹಾಗೆಯೇ ಉಳಿದಿತ್ತೇ ಎಂದು ಒಮ್ಮೆ ವಿಚಾರಿಸಿಯಾದರೂ ನೋಡೋಣ ಎಂದು ಕಂಪ್ಯೂಟರ್ ವಿಭಾಗಕ್ಕೆ ಓಡಿದ. ಎಂಜಿನಿಯರಮ್ಮನ ಬಾಗಿಲಿಗೆ ಚೀಟಿ ಅಂಟಿಸಿತ್ತು: 'ಯಂತ್ರ ಬಿಚ್ಚಿದೆ. ನಾಲ್ಕಕ್ಕೆ ಸಭೆಯಲ್ಲಿ ಸಿಗುತ್ತೇನೆ. ಅಲ್ಲಿಯವರೆಗೆ ಬಾಗಿಲು ಬಡಿದವರ ಕಂಪ್ಯೂಟರ್ ಕೊನೆಗೆ ರಿಪೇರಿಯಾಗುತ್ತದೆ.' ಮೋಡಪ್ಪ ಎತ್ತಿದ ಕೈಯನ್ನು ಇಳಿಸಿದ.

ಹೊರಗಿನ ಮೆಟ್ಟಿಲ ಮೇಲೆ ಕೂತ. ಬಿಸಿಲು ಹೂವಿನ ಹಾಗೆ ಮೆತ್ತಗಿತ್ತು. ನೋಡನೋಡುತ್ತಲೇ ಮುಖ್ಯದ್ವಾರ ಸದ್ದಿಲ್ಲದೆ ತೆರೆಯಿತು. ಅತ್ತೆಯರು ಬಂದರು. ಕೊಡೆ ಹಿಡಿದವರು, ಕೈಚೀಲ ಹಿಡಿದವರು, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡವರು. ನೆಲ ಮುಟ್ಟಿಯೂ ಮುಟ್ಟದಂತೆ ಹುಲ್ಲಿನ ಮೇಲೆ ತೇಲಿ ಬಂದರು. ಯಾರ ಹೆಜ್ಜೆಯೂ ಕೇಳಿಸುತ್ತಿರಲಿಲ್ಲ. ಒಬ್ಬಾಕೆ ಹಾದುಹೋಗುತ್ತಾ ಗ್ರಂಥಾಲಯದ ಕಂಬದ ಧೂಳನ್ನು ಬೆರಳಿಂದ ಒರೆಸಿ ನೋಡಿದಳು. ಇನ್ನೊಬ್ಬಾಕೆ ಗಡಿಯಾರ ಗೋಪುರಕ್ಕೆ "ನೆಟ್ಟಗೆ ನಿಂತ್ಕೋ" ಎಂದಳು, ಗೋಪುರ ನೆಟ್ಟಗಾಯಿತು. ಐದು ಸಾವಿರ ಮಂದಿಯೂ ಒಟ್ಟಿಗೆ ಮೋಡಪ್ಪನತ್ತ ತಿರುಗಿ, "ನೀನು ಯಾರ ಮಗನಪ್ಪಾ?" ಎಂದು ಕೇಳಿದರು. ಭಯವಾಗಬೇಕಿತ್ತು, ಆದರೆ ಅವನಿಗೆ ಯಾಕೋ ತುಂಬ ಹಾಯೆನಿಸಿತು.

"ಏಯ್, ಇಲ್ಲೇನು ಮಾಡ್ತಿದೀಯಾ?" ಎಂದಿತು ಆ ಗುಂಪಿಗೆ ಸೇರದ ಒಂದು ದನಿ.

ಅವನ ಸ್ವಂತ ಅತ್ತೆ, ಸೊಂಟದ ಮೇಲೆ ಕೈಯಿಟ್ಟುಕೊಂಡು ಎದುರಿಗೇ ನಿಂತಿದ್ದಳು. ಕನಸಲ್ಲವೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತೇ ಹಿಡಿಯಿತು.

"ನಿಮ್ಮ ಪ್ರಚಾರದವರು ಫೋನ್ ಮಾಡಿದ್ರು. ಸಭೆಗೆ ಮಾದರಿಗೆ ಒಬ್ಬ ಸೋದರತ್ತೆ ಬೇಕಂತೆ. ಏಳು, ನಾಲ್ಕು ಗಂಟೆಯಾಯ್ತು. ಅಂಗಿ ಒಳಗೆ ಸೇರಿಸ್ಕೋ."

ಸಭೆಯಲ್ಲಿ ಕುಲಪತಿಗಳು ವರದಿ ಓದುತ್ತಾ ಹೋದಂತೆ ಅವರ ಹುಬ್ಬು ಮೇಲೇರುತ್ತಾ ಹೋಯಿತು. ಬೇರೆ ವಿಶ್ವವಿದ್ಯಾಲಯಗಳಿಗೆ ಹೊಳೆಯದ್ದು ನಮಗೆ ಹೊಳೆದಿದೆ ಎಂದರು. ಪ್ರಚಾರಾಧಿಕಾರಿ ಕುರ್ಚಿಗಳ ವಿಷಯ ಎತ್ತಿದ. ಮೇಲ್ವಿಚಾರಕಿ ಮತ್ತೊಮ್ಮೆ ಕಣ್ಣೊರೆಸಿಕೊಂಡರು. ಕುಲಪತಿಗಳು ಹುದ್ದೆಯ ಕಡತವನ್ನು ಹತ್ತಿರಕ್ಕೆಳೆದು ಪೆನ್ನಿನ ಮುಚ್ಚಳ ತೆಗೆದರು. ಆರು ವರ್ಷ ಕಾದ ಸಹಿಗೂ ಕಾಗದಕ್ಕೂ ನಡುವೆ ಒಂದು ಗೇಣು ಉಳಿದಿತ್ತು.

"ಸಾರ್," ಎಂದ ಮೋಡಪ್ಪ. ದನಿ ಅವನದೇ ಎಂದು ಅವನಿಗೇ ನಂಬಿಕೆಯಾಗಲಿಲ್ಲ. "ಆ ಐದು ಸಾವಿರ ಅತ್ತೆಯರು ಇಲ್ಲವೇ ಇಲ್ಲ."

ಪೆನ್ನು ಗಾಳಿಯಲ್ಲೇ ನಿಂತಿತು. ಅವನು ಮೋಡ, ಮೊದಲ ಸಾಲು, ಮರೆವು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. "ತಪ್ಪು ನಂದು ಸಾರ್. ದಯವಿಟ್ಟು ಆ ಬಸ್ಸೊಂದನ್ನ ನಿಲ್ಲಿಸಬೇಡಿ," ಎಂದು ಮುಗಿಸಿದಾಗ ಅವನ ಮನಸ್ಸು ಹತ್ತಿಯಷ್ಟು ಹಗುರಾಗಿತ್ತು.

ಮೂಲೆಯಿಂದ ಎಂಜಿನಿಯರಮ್ಮ ಕೆಮ್ಮಿದಳು. "ಇದ್ದಾರೆ."

"ಯಾರು?"

"ಅತ್ತೆಯರು. ಅರ್ಜಿ ಹಾಕೋದು ಶುರುವಾದ ದಿನವೇ ನಾನು ಇವರ ಫಾರಂ ಸರಿಮಾಡಿದೀನಿ. ಮೊದಲ ಸಾಲು ಖಾಲಿ ಬಿಟ್ಟಿದೀನಿ. ಬೇಕು ಅಂತ ಒಂದನ್ನ ಆರಿಸದಿದ್ರೆ ಫಾರಂ ಮುಂದಕ್ಕೇ ಹೋಗಲ್ಲ. ಅತ್ತೇನೂ ತೆಗೆಯೋಣ ಅಂತಿದ್ದೆ, ನಮ್ಮತ್ತೆ ನೆನಪಾಗಿ ಧೈರ್ಯ ಬರಲಿಲ್ಲ, ಕೆಳಗಿನ ಸಾಲಿಗೆ ಹಾಕಿದೆ. ಇವರಿಗೆ ಪತ್ರವೂ ಕಳಿಸಿದ್ದೆ." ಅವಳು ಮೋಡಪ್ಪನನ್ನು ನೋಡಿದಳು. "ಓದಲಿಲ್ವಾ?"

ಆ ದಿನವೂ ಆಕಾಶದಲ್ಲಿ ಏನೋ ಇದ್ದಿರಬೇಕು.

"ಅಂದ್ರೆ ಐದು ಸಾವಿರದ ಏಳುನೂರು ಮಕ್ಕಳು ನಿಜವಾಗಿ ಸೋದರತ್ತೆಯನ್ನೇ ಆರಿಸಿದ್ದಾರೆ?" ಕುಲಪತಿಗಳು ಕೇಳಿದರು. "ಇದು ಹೇಗೆ ಸಾಧ್ಯ?"

"ಅದರಲ್ಲೇನು ಆಶ್ಚರ್ಯ?" ಎಂದಳು ಮಾದರಿಗೆ ಬಂದಿದ್ದ ಅತ್ತೆ. "ಅಪ್ಪ ಹೇಳಿದ್ರೆ ಮಗ ಕೇಳಲ್ಲ, ಮಗ ಹೇಳಿದ್ರೆ ಅಪ್ಪ ಕೇಳಲ್ಲ. ನಾನು ಹೇಳಿದ್ರೆ ಇಬ್ಬರೂ ಕೇಳ್ತಾರೆ. ಆದ್ರೆ ಸಮಾವೇಶ ಯಾಕೆ? ಈಗಾಗಲೇ ಕಳಿಸ್ತಿರೋರನ್ನ ಕರೆದು ಮತ್ತೆ ಕಳಿಸಿ ಅನ್ನೋದಾ? ಯಾವ ಊರಿನ ಮಕ್ಕಳು ಅತ್ತೆಯನ್ನ ಆರಿಸಿಲ್ಲ ನೋಡಿ. ಎಲ್ಲಿಂದ ಅರ್ಜಿಯೇ ಬಂದಿಲ್ಲ ನೋಡಿ. ಅಲ್ಲಿಗೆ ಹೋಗಲಿ ಬಸ್ಸು. ಜೊತೆಗೆ ಮಕ್ಕಳ ಹತ್ರ ಮಾತಾಡೋಕೆ ಬರೋರು ಒಬ್ಬರು ಹೋಗಲಿ."

ಮೋಡಪ್ಪನಿಗೆ ಅಳು ಬರುವಷ್ಟು ಸಂತೋಷವಾಯಿತು: ಬಸ್ಸು ಉಳಿಯಿತು, ಅಂಕಿಗಳು ನಿಜ, ತಪ್ಪು ಆಗಿಯೇ ಇಲ್ಲ. ಕುಲಪತಿಗಳು ಸರಸರ ಸಹಿ ಮಾಡುತ್ತಿದ್ದುದನ್ನು ಅವನು ಕನಸಿನಲ್ಲಿ ನೋಡುವವನಂತೆ ನೋಡಿದ. ಹುದ್ದೆಯ ಹೆಸರಿನ ಮುಂದೆ ಅವರು ಬರೆದದ್ದು ಮಾತ್ರ ಅತ್ತೆಯ ಹೆಸರು.

"ತಮ್ಮ ಸರಿಯಾದ ಲೆಕ್ಕವನ್ನೇ ತಪ್ಪು ಅಂತ ವಾದ ಮಾಡೋರನ್ನ ಖಾಯಂ ಮಾಡೋಕೆ ನನಗೆ ಧೈರ್ಯ ಇಲ್ಲ," ಎಂದರು ಅವರು ಮೋಡಪ್ಪನಿಗೆ, ಸಾಕಷ್ಟು ಮರುಕದಿಂದಲೇ. "ನೀವು ಹಂಗಾಮಿಯಾಗಿಯೇ ಮುಂದುವರೀರಿ. ಇನ್ನು ಮೇಲೆ ನಿಮ್ಮ ಮೇಲಧಿಕಾರಿ ಇವರು."

ಸಂಜೆ ಅತ್ತೆಯೂ ಅವನೂ ಒಂದೇ ಸಿಟಿ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಮನೆಗೆ ಹೊರಟರು. ಪಶ್ಚಿಮದಲ್ಲಿ ಆಕಾಶವೆಲ್ಲ ಕೆಂಪಾಗಿತ್ತು. ಮೋಡಪ್ಪನಿಗೆ ಮೆಲ್ಲಗೆ ಒಂದು ಆಸೆ ಮೂಡಿತು.

"ಅತ್ತೆ, ಮುಂದಿನ ವರ್ಷ ಇನ್ನೊಂದು ಹುದ್ದೆ ಬಂದ್ರೆ, ನನ್ನ ಹೆಸರು ಶಿಫಾರಸು ಮಾಡಬೇಕಾದೋರು ನನ್ನ ಮೇಲಧಿಕಾರಿ."

"ಅಂದ್ರೆ ನಾನು."

"ಹೌದು! ಮಾಡ್ತೀಯಲ್ಲ?"

ಅತ್ತೆ ಅವನ ತಲೆ ನೇವರಿಸಿದಳು. ಆಕೆಗೆ ಅವನೆಂದರೆ ನಿಜಕ್ಕೂ ಪ್ರಾಣ. "ಸ್ವಂತ ಸೋದರಳಿಯನಿಗೆ ನಾನೇ ಹೇಗಪ್ಪಾ ಬರೆದುಕೊಡಲಿ? ಜನ ಏನಂತಾರೆ? ನಾನು ನಿವೃತ್ತಿ ಆಗೋವರೆಗೂ ಸ್ವಲ್ಪ ತಾಳ್ಕೋ."

"ಎಷ್ಟು ದಿನ?"

"ಹದಿನಾಲ್ಕು ವರ್ಷ," ಎಂದಳು ಅತ್ತೆ.