ಉಳವಪ್ಪ ತೆಗೆದ ಫೋಟೋ

ಕಸ್ತೂರೆವ್ವ ಅಂಗಳಕ್ಕೆ ಸಗಣಿ ನೀರು ಹಾಕಲು ಕೊಡ ಎತ್ತಿದ್ದಳು. ಅಷ್ಟರಲ್ಲಿ ಮಗ ಉಳವಪ್ಪ ಒಳಗಿನಿಂದ ಓಡಿ ಬಂದು ಅವಳ ಕೈ ಹಿಡಿದುಬಿಟ್ಟ.

“ಎವ್ವಾ, ನೀರು ಹಾಕಬ್ಯಾಡ! ಹಸಿ ನೆಲಕ್ಕ ಬೆಳಕು ಬಿದ್ದು ಹೊಳೀತೈತಿ, ಫೋಟೋ ಕೆಡತೈತಿ.”

“ನಾಡು ಒಂದಾಗೂ ದಿನಾ ನನ್ನ ಅಂಗಳ ಹಾಳಾಗಿ ಬಿದ್ದಿರಬೇಕನು?” ಎಂದಳು ಕಸ್ತೂರೆವ್ವ. ಆದರೂ ಕೊಡ ಕೆಳಗಿಟ್ಟಳು. ಮಗನ ಮುಖ ನೋಡಿದ್ದರೆ ಯಾವ ತಾಯಿಯೂ ಇಡುತ್ತಿದ್ದಳು. ನಿದ್ದೆಯಿಲ್ಲದೆ ಅದು ನೀರಲ್ಲಿ ನೆನೆದ ಹಪ್ಪಳದಂತಾಗಿತ್ತು.

ಅಂದು ಸಾವಿರದ ಒಂಬೈನೂರಾ ಐವತ್ತಾರರ ನವೆಂಬರ್ ಒಂದು. ಬೆಟಗೇರಿಯ ಓಣಿ ಓಣಿಗೂ ತೋರಣ ಕಟ್ಟಿದ್ದರು. ಉಳವಪ್ಪನಿಗೆ ಮಾತ್ರ ಅದು ಪರೀಕ್ಷೆಯ ದಿನ. ಅವನು ಮನೆಯ ಮಗ್ಗ ಬಿಟ್ಟು ಗೌಸಸಾಬರ ಸ್ಟುಡಿಯೋದಲ್ಲಿ ಫೋಟೋ ಕಲಿಯಲು ಸೇರಿ ಒಂದು ವರ್ಷವಾಗಿತ್ತು. ಆ ಒಂದು ವರ್ಷದಲ್ಲಿ ಮೂರು ಕಡೆಯ ಹೆಣ್ಣಿನವರು, “ಮಗ್ಗ ಬಿಟ್ಟು ಡಬ್ಬಿ ಹಿಡದಾಂವಗ ಹೆಣ್ಣು ಹೆಂಗ ಕೊಡೂದ್ರಿ?” ಎಂದು ಚಹಾ ಕುಡಿದು ಎದ್ದು ಹೋಗಿದ್ದರು. ಉಳಿದದ್ದು ಲಕ್ಷ್ಮೇಶ್ವರದ್ದೊಂದೇ ಸಂಬಂಧ. ಹುಡುಗಿಯ ಸೋದರಮಾವ ಹುಚ್ಚೀರಪ್ಪ, “ನಿಮ್ಮ ಮನಿತನದ್ದೊಂದು ಫೋಟೋ ಕೊಡ್ರಿ, ನೋಡಿ ಮಾತಾಡೋಣು” ಎಂದು ಹೇಳಿ ಕಳಿಸಿದ್ದ. ಇವತ್ತು ಮಧ್ಯಾಹ್ನ ಸ್ಟುಡಿಯೋಕ್ಕೇ ಬಂದು ಅದನ್ನು ಒಯ್ಯುವವನಿದ್ದ.

ತನ್ನ ಕೆಲಸವನ್ನು ನೋಡಲೆಂದೇ ಫೋಟೋ ಕೇಳಿದ್ದಾರೆ ಎಂದು ಉಳವಪ್ಪ ತಿಳಿದ. “ಇದೂ ತಪ್ಪಿತೋ, ನಾಳಿಂದ ಮಗ್ಗಕ್ಕ ಕುಂಡ್ರು” ಎಂದಿದ್ದ ಅಪ್ಪ ಹೇಮಪ್ಪ.

ಗೌಸಸಾಬರು ಮೂರು ಕಾಲಿನ ದೊಡ್ಡ ಕ್ಯಾಮೆರಾ, ಒಂದೇ ಒಂದು ಗಾಜಿನ ಪ್ಲೇಟು, ಜೊತೆಗೆ ಎರಡು ಮಾತು ಕೊಟ್ಟು ಕಳಿಸಿದ್ದರು. “ಮುಚ್ಚಳ ತಗದು ಎರಡು ಎಣಸು. ಹೆಚ್ಚಾದ್ರ ಮಾರಿ ಸುಣ್ಣಾಗತಾವು, ಕಮ್ಮಿಯಾದ್ರ ಕಾಡಿಗಿ. ಮತ್ತ ಮಂದಿ ನಡುವ ಜಾಗಾ ಖಾಲಿ ಬಿಡಬ್ಯಾಡ ಬೇಟಾ, ಹಲ್ಲು ಬಿದ್ದ ಬಾಯಿ ಕಂಡಂಗ ಕಾಣತೈತಿ.”

ನೆರಳಿನಲ್ಲಿ ಅಪ್ಪನ ತಾಯಿ, ಆಯಿ ಗದಿಗೆವ್ವನನ್ನು ಕುರ್ಚಿಯ ಮೇಲೆ ಕೂಡಿಸಿದ್ದಾಯಿತು. ಹಿಂದೆ ಈ ಕಡೆ ಅಪ್ಪ, ಆ ಕಡೆ ಅವ್ವ, ತುದಿಗೆ ಅಣ್ಣ ಅತ್ತಿಗೆ. ಅಣ್ಣನ ಆರು ವರ್ಷದ ಮಗಳು ಶಂಕ್ರೆವ್ವ ಆಯಿಯ ಕಾಲ ಬಳಿ. ಉಳವಪ್ಪ ಕರಿ ಬಟ್ಟೆಯೊಳಗೆ ತಲೆ ತೂರಿಸಿದ.

“ಕಾಕಾ, ಒಂದು ಕೇಳ್ಲಿ?” ಎಂದಳು ಶಂಕ್ರೆವ್ವ.

“ಈಗ ಬ್ಯಾಡವ್ವಾ, ಆಮ್ಯಾಲೆ.”

ಗದಿಗೆವ್ವ ಕುರ್ಚಿಯಿಂದ ಎದ್ದೇಬಿಟ್ಟಳು. “ಏನ್ ಕಾಣತೈತಿ ನಾನೂ ನೋಡತೇನಿ.” ಬಟ್ಟೆಯೊಳಗೆ ಹೊಕ್ಕವಳು ಚೀರಿಕೊಂಡು ಹೊರಗೆ ಬಂದಳು. “ಅಯ್ಯ ಶಿವನ! ಎಲ್ಲಾರೂ ತಲಿ ಕೆಳಗ ಮಾಡಿ ಬಾವಲಿ ಹಂಗ ಜೋತು ಬಿದ್ದಾರ! ಮನಿತನಾನ ಉಲ್ಟಾ ಮಾಡಿಟ್ಟಾನ ಈ ಭಾಡ್ಯಾ!”

“ಒಳಗ ಉಲ್ಟಾನಽ ಕಾಣತೈತಿ ಆಯಿ, ಕಾಗದದ ಮ್ಯಾಲೆ ನೆಟ್ಟಗ ಬರತೈತಿ.”

“ಹೆಣ್ಣಿನವರು ಈ ಮನ್ಯಾಗ ಸೊಸಿ ತಲಿ ಮ್ಯಾಲೆ ನಡೀಬೇಕೇನು ಅಂದಾರಲೇ!”

ಆಯಿಯನ್ನು ಒಪ್ಪಿಸಿ ಮತ್ತೆ ಕೂಡಿಸುವಷ್ಟರಲ್ಲಿ ಬಿಸಿಲು ಒಂದು ಮಾರು ಮುಂದೆ ಸರಿದಿತ್ತು. ಆಯಿಯ ಕುರ್ಚಿ, ಎಲ್ಲರ ಕಾಲು, ಸೆರಗು ಎತ್ತಿ ಹಿಂದಕ್ಕಿಡಬೇಕಾಯಿತು. ಉಳವಪ್ಪ ಮತ್ತೆ ಬಟ್ಟೆಯೊಳಗೆ ಹೊಕ್ಕು ನೋಡಿದ. ಅಪ್ಪ ಅವ್ವನ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಖಾಲಿ. ಹಲ್ಲು ಬಿದ್ದ ಬಾಯಿ!

“ಯಪ್ಪಾ, ಈ ಕಡೆ ಸರಿ!”

ಅಪ್ಪ ಸರಿದರೆ ಅಣ್ಣನ ಪಕ್ಕ ಇನ್ನೊಂದು ಹಲ್ಲು ಬಿತ್ತು. ಅಣ್ಣ ಸರಿದರೆ ಕಂಬ ಅವನ ತಲೆಯ ಮೇಲೆ ಕೊಂಬಿನಂತೆ ಎದ್ದಿತು. ಬೇಲಿಯಾಚೆ ನೆರೆದ ಓಣಿಯ ಮಂದಿ, “ಎಮ್ಮಿ ತಂದು ನಿಲ್ಲಸ್ರಿ” ಎಂದು ಉಪಾಯ ಹೇಳುತ್ತಿದ್ದರು. ಉಳವಪ್ಪನಿಗೆ ಅಳು ಬಂದಿತ್ತು.

ಆಗ ಬಂದ ಪಕ್ಕದ ಮನೆಯ ಪೈಲ್ವಾನ ಉಡಚಪ್ಪ. ಮೆರವಣಿಗೆಗೆ ಹೊರಟವನು, ತಲೆಗೆ ರೇಷ್ಮೆ ರುಮಾಲು, ಕುಡಿ ಮೀಸೆ, ಬಾಗಿಲಿನಷ್ಟು ಅಗಲ ಎದೆ.

“ಏನ್ ನಡಿಸೀಯೋ ಉಳವ್ಯಾ?”

ದೇವರೇ ಕಳಿಸಿದಂತಾಯಿತು. “ಉಡಚಣ್ಣಾ, ನಿನ್ನ ಕಾಲಿಗೆ ಬೀಳತೇನಿ, ಆ ನಡುವಿನ ಜಾಗಾದಾಗ ಬಂದು ನಿಂದರು!”

ಉಡಚಪ್ಪ ನಿಂತ. ಬಾಯಿಗೆ ಬಂಗಾರದ ಹಲ್ಲು ಕಟ್ಟಿಸಿದಂತಾಯಿತು.

“ಕಾಕಾ, ಒಂದು ಕೇಳ್ಲಿ?”

“ಶಂಕ್ರೀ, ಉಸರು ಬಿಟ್ಟೀ ನೋಡು!”

“ಎಣಸುವಾಗ ಒಂದು ಅನಬ್ಯಾಡಲೇ” ಎಂದ ಅಪ್ಪ. “ಕಾಳು ಅಳೀವಾಗ ಅಂದಂಗ ಲಾಭ ಅನ್ನು. ಶುಭಕಾರ್ಯ.”

ಉಳವಪ್ಪ ಮುಚ್ಚಳ ತೆಗೆದ. “ಲಾಭ... ಎರಡು.” ಮುಚ್ಚಿದ.

ಸ್ಟುಡಿಯೋದಲ್ಲಿ ಗೌಸಸಾಬರು ಇರಲಿಲ್ಲ, ಮೆರವಣಿಗೆಯ ಫೋಟೋಕ್ಕೆ ಹೋಗಿದ್ದರು. ‘ಲಾಭ’ ಅನ್ನಲು ‘ಒಂದು’ ಅನ್ನುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತೇ? ಎಲ್ಲರೂ ಸುಣ್ಣವಾದರೇ? ಕೆಂಪು ದೀಪದ ಕೋಣೆಯಲ್ಲಿ ಉಳವಪ್ಪ ತಾನೊಬ್ಬನೇ ಪ್ಲೇಟು ತೊಳೆದ, ಒಣಗಿಸಿದ, ಎರಡು ಪ್ರತಿ ಮಾಡಿದ. ಔಷಧದ ನೀರಿನಲ್ಲಿ ಮೊದಲು ಆಯಿಯ ಮೂಗುತಿ ಮೂಡಿತು, ಆಮೇಲೆ ಅವ್ವನ ನಗೆ. ಸುಣ್ಣವೂ ಅಲ್ಲ, ಕಾಡಿಗೆಯೂ ಅಲ್ಲ. ಅವನು ಗೋಡೆಗೆ ಹಣೆ ಆನಿಸಿ ಅತ್ತುಬಿಟ್ಟ.

“ಏ ತಮ್ಮಾ, ಹೇಮಪ್ಪನವರ ಮನಿ ಫೋಟೋ ಆಗೈತೇನು? ನಾ ಲಕ್ಷ್ಮೇಶ್ವರದ ಹುಚ್ಚೀರಪ್ಪ.”

ಉಳವಪ್ಪನ ಬೆರಳು ಕಪ್ಪಾಗಿದ್ದವು, ಅಂಗಿಯ ತುಂಬ ಔಷಧದ ಕಲೆ. ತನ್ನ ಲಗ್ನದ ಮಾತನ್ನು ತಾನೇ ಆಡುವುದು ಮರ್ಯಾದೆಯಲ್ಲ, ಹಿರಿಯರು ಆಡಬೇಕು. ಸುಮ್ಮನೆ ತಲೆ ತಗ್ಗಿಸಿ ಫೋಟೋ ಕೊಟ್ಟ. ಹುಚ್ಚೀರಪ್ಪ ಬಾಗಿಲ ಬೆಳಕಿಗೆ ಹಿಡಿದು ನೋಡಿದ, ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ.

“ಭಾರಿ ಫೋಟೋ! ಹುಡುಗ ಒಪ್ಪಿಗಿ ಆತು. ನಾಡು ಒಂದಾದ ದಿನಾ ಮಾತು ಕೊಟ್ಟೇನಿ, ಇನ್ನ ಹಿಂದಕ್ಕ ಸರಿಯೂದಿಲ್ಲಂತ ಹೇಮಪ್ಪನವರಿಗೆ ಹೇಳು.” ಚೀಲದಿಂದ ಸಕ್ಕರೆ ತೆಗೆದು ಉಳವಪ್ಪನ ಬಾಯಿಗೆ ಹಾಕಿದ. “ಲಗ್ನಕ್ಕ ನೀನೂ ಬರಬೇಕು ಮತ್ತ.”

“ನಾ ಬರಲಾರದ ಹೆಂಗಾಕ್ಕೈತ್ರೀ?” ಎಂದ ಉಳವಪ್ಪ ನಾಚಿಕೊಂಡು.

ಹುಚ್ಚೀರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕು ಬಸ್ಸಿಗೆ ನಡೆದ. ಎಂಥ ಚೇಷ್ಟೆಯ ಬೀಗರು ಎಂದುಕೊಂಡ ಉಳವಪ್ಪ.

ಸಂಜೆ ಎರಡನೆಯ ಪ್ರತಿ ಮನೆಯಲ್ಲಿ ಕೈಯಿಂದ ಕೈಗೆ ಹೋಯಿತು. ಪ್ರತಿಯೊಬ್ಬರೂ ತಮ್ಮ ಮುಖವನ್ನಷ್ಟೇ ಹುಡುಕಿಕೊಂಡರು. “ನೆಟ್ಟಗ ಕುಂತೇನಿ ನೋಡು” ಎಂದಳು ಆಯಿ. ಹೇಮಪ್ಪ ಮೀಸೆ ಒರೆಸಿಕೊಂಡು, “ಇನ್ನ ಮಗ್ಗದ ಮಾತು ಎತ್ತೂದಿಲ್ಲ ಬಿಡು” ಎಂದ. ಉಳವಪ್ಪ ಬೆಳಗಿನಿಂದ ಮೊದಲ ಸಲ ನೆಲಕ್ಕೆ ಕೂತ. ಕಸ್ತೂರೆವ್ವ ಅವನ ಮುಂದೆ ರೊಟ್ಟಿಯ ತಾಟು ಇಟ್ಟು, “ಈಗರೆ ಆ ಕೂಸು ಏನು ಕೇಳತೈತಿ ಕೇಳಪಾ, ಮುಂಜಾನಿಂದ ಹಿಂದ ಹಿಂದ ತಿರಗಾಕ ಹತ್ತೈತಿ” ಎಂದಳು.

ಶಂಕ್ರೆವ್ವ ಫೋಟೋ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಮುಖದ ಮೇಲೆ ಬೆರಳಿಟ್ಟಳು. ಅಜ್ಜ. ಅಜ್ಜಿ. ಆಯಿ. ಅಪ್ಪ. ಅವ್ವ. ತಾನು. ಬೆರಳು ನಡುವಿನ ರುಮಾಲಿನ ಮೇಲೆ ಬಂದು ನಿಂತಿತು. ಉಳವಪ್ಪನ ಕೈಯ ತುತ್ತು ಅಲ್ಲೇ ನಿಂತಿತು.

“ಕಾಕಾ, ಇದ್ರಾಗ ನೀ ಎಲ್ಲಿ ನಿಂತೀ?”